ಹಸಿರು ಕಟ್ಟಡಗಳ ಪರೀಕ್ಷೆ

ಪರೀಕ್ಷೆ ಎಂದರೇನೆಂಬುದನ್ನು ವಿದ್ಯಾರ್ಥಿಗಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಕಟ್ಟಡಗಳೂ ಪರೀಕ್ಷೆಗೆ ಕುಳಿತು, ಅಂಕಗಳನ್ನು ಗಳಿಸಿ, ದರ್ಜೆಯೊಡನೆ ತೇರ್ಗಡೆಯಾಗುವುವೆಂದರೆ ಕೆಲವರಿಗಾದರೂ ವಿಸ್ಮಯವೆನಿಸಬಹುದು. ಈಚೆಗೆ ಪಟ್ಟಣಗಳಲ್ಲಿ ಮನೆ ಮಾರುವವರ ಜಾಹೀರಾತುಗಳಲ್ಲಿ ‘ಹಸಿರು ಕಟ್ಟಡ’ವೆಂಬ ಮಾತು ಪದೇ ಪದೇ ಕಾಣುತ್ತಿದೆ. ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಮನೆ ಕೊಳ್ಳುವ ತಂದೆತಾಯಿಗಳು ಆ ಮಾತಿನ ತೂಕವನ್ನು ಅರಿತಿರುವುದು ಅವಶ್ಯ.

ಗೋಡೆಗೆ ಹಸಿರು ಬಣ್ಣ ಬಳಿದು ಅಂಗಳದಲ್ಲಿ ನಾಲ್ಕು ಹೂಕುಂಡಗಳನ್ನಿಟ್ಟ ಮಾತ್ರಕ್ಕೆ ಕಟ್ಟಡವು ಹಸಿರಾಗದು. ನೀರು, ವಿದ್ಯುತ್ತು, ಮರ, ಕಲ್ಲು ಮುಂತಾದವುಗಳನ್ನು ಹಿತಮಿತವಾಗಿ ಬಳಸಿ, ಒಳಗೆ ವಾಸಿಸುವವರ ಆರೋಗ್ಯವನ್ನೂ ಕಾಪಾಡುವ ಕಟ್ಟಡಕ್ಕೆ ಈ ಹೆಸರು. ಹಾಗೆಂದು ಕಟ್ಟಿದವನೇ ಹೇಳಿಕೊಂಡರೆ ನಂಬುವುದು ಹೇಗೆ? ಈ ಪ್ರಶ್ನೆಯಿಂದಲೇ ಪ್ರಮಾಣಪತ್ರದ ಪದ್ಧತಿ ಹುಟ್ಟಿತು. ಇಂಗ್ಲೆಂಡಿನಲ್ಲಿ 1990ರಲ್ಲಿ ‘ಬ್ರೀಮ್’ ಎಂಬ ಪದ್ಧತಿಯೂ, ಅಮೆರಿಕದಲ್ಲಿ 1998ರಲ್ಲಿ ‘ಲೀಡ್’ ಎಂಬ ಪದ್ಧತಿಯೂ ಆರಂಭವಾದವು. 2001ರಲ್ಲಿ ಹೈದರಾಬಾದಿನಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿಯು ಸ್ಥಾಪಿತವಾಯಿತು.

ಅದೇ ಹೈದರಾಬಾದಿನಲ್ಲಿರುವ ಸೊರಾಬ್ಜಿ ಗೋದ್ರೆಜ್ ಹಸಿರು ವಾಣಿಜ್ಯ ಕೇಂದ್ರವೆಂಬ ಕಟ್ಟಡವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 2003ರಲ್ಲಿ ಅದು ಲೀಡ್ ಪರೀಕ್ಷೆಯಲ್ಲಿ 69ಕ್ಕೆ 56 ಅಂಕಗಳನ್ನು ಗಳಿಸಿ, ಎಲ್ಲಕ್ಕೂ ಮೇಲಿನ ‘ಪ್ಲಾಟಿನಂ’ ದರ್ಜೆಯನ್ನು ಪಡೆಯಿತು. ಅಮೆರಿಕದ ಹೊರಗೆ ಈ ಗೌರವ ಪಡೆದ ಮೊದಲನೆಯ ಕಟ್ಟಡವದು.

ಆ 69 ಅಂಕಗಳು ಹೀಗೆ ಹಂಚಿಕೆಯಾಗಿದ್ದುವು: ನಿವೇಶನಕ್ಕೆ 14, ನೀರಿಗೆ 5, ವಿದ್ಯುತ್ತು ಮತ್ತು ಇಂಧನದ ಮಿತವ್ಯಯಕ್ಕೆ 17, ಕಟ್ಟುವ ಸಾಮಗ್ರಿಗೆ 13, ಒಳಗಿನ ಗಾಳಿ ಬೆಳಕಿಗೆ 15, ಹೊಸ ಯುಕ್ತಿಗಳಿಗೆ 5. ನೀರಿಗೆ ಐದೇ ಅಂಕಗಳೆಂದರೆ ಆದವಾನಿ, ರಾಯದುರ್ಗಗಳ ಕಡೆ ಬರವನ್ನು ಕಂಡ ನಮ್ಮವರು ಹುಬ್ಬೇರಿಸದಿರರು! ನಿಯಮಗಳನ್ನು ಬರೆದವರು ಅಮೆರಿಕದವರೆಂಬುದನ್ನು ಇಲ್ಲಿ ನೆನೆಯಬೇಕು. ಸೈಕಲ್ ನಿಲ್ಲಿಸುವ ತಾಣವನ್ನೂ ಸ್ನಾನದ ಕೋಣೆಯನ್ನೂ ಒದಗಿಸಿದರೆ ಒಂದು ಅಂಕ ದೊರೆಯುತ್ತಿತ್ತು. ಅಗ್ಗದ ಅಂಕಗಳನ್ನೇ ಹುಡುಕುವ ಜಾಣ ವಿದ್ಯಾರ್ಥಿಗಳು ಕಟ್ಟಡಗಾರರಲ್ಲಿಯೂ ಉಂಟು.

ಆದರೆ ಅಂಕಗಳನ್ನು ಎಣಿಸುವ ಮೊದಲು ಕಡ್ಡಾಯದ ಷರತ್ತುಗಳಲ್ಲಿ ತೇರ್ಗಡೆಯಾಗಲೇಬೇಕು. ಯಂತ್ರಗಳನ್ನು ಪರೀಕ್ಷಿಸಿ ಚಾಲೂ ಮಾಡಿರಬೇಕು; ವಿದ್ಯುತ್ ವೆಚ್ಚವು ಗೊತ್ತಾದ ಮಿತಿಯೊಳಗಿರಬೇಕು; ಮರುಬಳಕೆಯ ಕಸವನ್ನು ಬೇರೆಯಿಡಲು ಸ್ಥಳವಿರಬೇಕು; ತಂಬಾಕಿನ ಹೊಗೆ ಇತರರನ್ನು ಬಾಧಿಸಬಾರದು. ಇವಕ್ಕೆ ಅಂಕಗಳಿಲ್ಲ. ಒಂದು ತಪ್ಪಿದರೂ ಉಳಿದ ಗಳಿಕೆಯೆಲ್ಲ ವ್ಯರ್ಥ.

ಹೈದರಾಬಾದಿನ ಕಟ್ಟಡವು ಅಂಕಗಳನ್ನು ಗಳಿಸಿದ ಬಗೆ ನಮಗೆ ಅಪರಿಚಿತವಲ್ಲ. ತೊಟ್ಟಿಮನೆಯಂತೆ ನಡುವೆ ತೆರೆದ ಅಂಗಳ. ಬಿಸಿಲನ್ನು ತಡೆದು ಬೆಳಕನ್ನು ಬಿಡುವ ಜಾಲಂಧ್ರಗಳು. ಮಾಳಿಗೆಯ ಮೇಲೆ ಹುಲ್ಲುಹಾಸು. ಹೊರಗಿನ ಗಾಳಿಯನ್ನು ಗೋಪುರಗಳಲ್ಲಿ ತಂಪುಮಾಡಿ ಒಳಕ್ಕೆ ಬಿಡುವುದರಿಂದ ಹವಾನಿಯಂತ್ರಣದ ಹೊರೆ ತಗ್ಗುತ್ತದೆ. ಕೊಳಚೆ ನೀರನ್ನು ಗಿಡಗಳ ಬೇರುಗಳ ನಡುವೆ ಹರಿಸಿ, ಶುದ್ಧಗೊಳಿಸಿ, ತೋಟಕ್ಕೆ ಬಳಸುತ್ತಾರೆ.

ಇಷ್ಟೆಲ್ಲವನ್ನು ಪರೀಕ್ಷಕರು ಬಂದು ನೋಡುವರೇ? ಲೀಡ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಇಲ್ಲ. ಕಟ್ಟುವವರು ಮೊದಲು ಹೆಸರು ನೋಂದಾಯಿಸಿ, ನಕ್ಷೆ, ಲೆಕ್ಕಾಚಾರ, ಸಾಮಗ್ರಿ ಒದಗಿಸಿದವರ ಪತ್ರ ಮುಂತಾದ ದಾಖಲೆಗಳನ್ನು ಕಳುಹಿಸುತ್ತಾರೆ. ಕಟ್ಟಡಕ್ಕೆ ಸಂಬಂಧಪಡದ ತಜ್ಞರು ಅವನ್ನು ಓದಿ, ಸಂಶಯ ಬಂದಲ್ಲಿ ವಿವರಣೆ ಕೇಳಿ, ಅಂಕ ನೀಡುತ್ತಾರೆ. 2007ರಲ್ಲಿ ನಮ್ಮ ದೇಶದಲ್ಲಿಯೇ ರೂಪುಗೊಂಡ, ಒಂದರಿಂದ ಐದು ನಕ್ಷತ್ರಗಳನ್ನು ನೀಡುವ ‘ಗೃಹ’ ಪದ್ಧತಿಯಲ್ಲಿ ತಜ್ಞರು ಸ್ಥಳಕ್ಕೂ ಭೇಟಿ ಕೊಡುತ್ತಾರೆ. ನನ್ನ ಮಟ್ಟಿಗೆ ಇದೇ ಮೇಲಾದ ಕ್ರಮವೆಂದು ತೋರುತ್ತದೆ.

ಇನ್ನೊಂದು ಸೂಕ್ಷ್ಮವುಂಟು. ಹೈದರಾಬಾದಿನ ಕಟ್ಟಡಕ್ಕೆ ದರ್ಜೆ ದೊರೆತದ್ದು 2003ರಲ್ಲಿ. ಅಂದಿನ ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ಉದ್ಘಾಟಿಸಿದ್ದು 2004ರ ಜುಲೈ 14ರಂದು. ಫಲಿತಾಂಶ ಮೊದಲು, ಉದ್ಘಾಟನೆ ಅನಂತರ! ಹೊಸ ಕಟ್ಟಡಕ್ಕೆ ಅಂಕ ಸಲ್ಲುವುದು ‘ಇಷ್ಟು ವಿದ್ಯುತ್ತು ಉಳಿದೀತು’ ಎಂಬ ಲೆಕ್ಕಕ್ಕೆ, ಮೀಟರು ತೋರಿಸಿದ ಉಳಿತಾಯಕ್ಕಲ್ಲ. ಅಲ್ಲಿ ವಾಸಿಸುವವರು ದೀಪ, ಯಂತ್ರಗಳನ್ನು ಹಗಲಿರುಳು ಉರಿಸಿದರೆ ಲೆಕ್ಕ ಸುಳ್ಳಾಗುವುದು. ಈ ಕೊರತೆಯನ್ನು ನೀಗಲೆಂದೇ ಬಳಕೆಯಲ್ಲಿರುವ ಕಟ್ಟಡಗಳ ಮೀಟರು ಲೆಕ್ಕವನ್ನು ನೋಡಿ ದರ್ಜೆ ಕೊಡುವ ಬೇರೊಂದು ಪ್ರಮಾಣಪತ್ರವೂ ಇದೆ.

ಮನೆ ಕೊಳ್ಳುವವರು ಗಮನಿಸಬೇಕಾದ ಅಂಶವೂ ಇಲ್ಲಿಯೇ ಇದೆ. ನಕ್ಷೆಯ ಹಂತದಲ್ಲಿಯೇ ‘ಪೂರ್ವ ಪ್ರಮಾಣಪತ್ರ’ ಪಡೆದು ಜಾಹೀರಾತು ಕೊಡುವುದಕ್ಕೆ ಅವಕಾಶವುಂಟು. ಅದು ಉದ್ದೇಶದ ಪತ್ರ, ತೇರ್ಗಡೆಯ ಪತ್ರವಲ್ಲ. ಕಟ್ಟಡ ಮುಗಿದ ಮೇಲೆ ಅಂತಿಮ ದರ್ಜೆ ಬಂದಿದೆಯೇ, ಯಾವ ಪದ್ಧತಿಯಲ್ಲಿ, ಯಾವ ವರ್ಷ ಎಂದು ಕೇಳಿ, ಪತ್ರವನ್ನು ಕಣ್ಣಾರೆ ನೋಡಬೇಕು. ತೇರ್ಗಡೆಯಾದ ಕಟ್ಟಡಗಳ ಪಟ್ಟಿಯನ್ನು ಆಯಾ ಸಂಸ್ಥೆಗಳೇ ಪ್ರಕಟಿಸುವುದರಿಂದ ತಾಳೆನೋಡುವುದು ಕಷ್ಟವಲ್ಲ.