ಮಡಕೆ ಇಲ್ಲದ ಕಾಲದ ಮಾಂಸದಡುಗೆ

ಗಂಡು ಕಾಡುಕೋಣವೊಂದು 800 ಕಿಲೋ ದಾಟಿ ತೂಗುವುದುಂಟು. ಅಂಥದ್ದನ್ನು ಇಡಿಯಾಗಿ ಬೆಂಕಿಯ ಮೇಲಿಟ್ಟರೆ ಹೊರಗೆ ಸೀದು ಕರಕಲಾದರೂ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಹಾಗಾಗಿ ಆದಿಮಾನವರ ಅಡುಗೆ ಶುರುವಾಗುತ್ತಿದ್ದುದು ಒಲೆಯಿಂದಲ್ಲ, ಕಲ್ಲಿನ ಕತ್ತಿಯಿಂದ.

ಯಾದಗಿರಿ ಜಿಲ್ಲೆಯ ಹುಣಸಗಿ ಬಳಿ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರ ತಂಡ ಅಗೆದಾಗ, ಸುಣ್ಣಕಲ್ಲಿನಿಂದ ಮಾಡಿದ ಕೈಗೊಡಲಿಗಳ ಜೊತೆ ಕಾಡುದನದ ಹಲ್ಲುಗಳೂ ಸಿಕ್ಕವು. ಆ ಹಲ್ಲುಗಳ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಅಂದಾಜಿಸಲಾಗಿದೆ.

ಪಾತ್ರೆ ಇಲ್ಲದೆ ಬೇಯಿಸಲು ಮೂರು ದಾರಿಗಳುಂಟು. ಮೊದಲನೆಯದು, ತುಂಡುಗಳನ್ನು ಕೆಂಡದಲ್ಲಿ ಸುಡುವುದು. ಎರಡನೆಯದು, ಗುಂಡಿ ತೋಡಿ, ಕಾಯಿಸಿದ ಕಲ್ಲು ಹಾಸಿ, ಎಲೆಯಲ್ಲಿ ಸುತ್ತಿದ ಮಾಂಸವಿಟ್ಟು ಮಣ್ಣು ಮುಚ್ಚುವುದು. ದೊಡ್ಡ ತುಂಡುಗಳಿಗೆ ಇದೇ ಸರಿ. ಗಂಟೆಗಟ್ಟಲೆ ಹದವಾದ ಶಾಖದಲ್ಲಿ ಬೆಂದು ಗಟ್ಟಿ ಮಾಂಸವೂ ಮೆತ್ತಗಾಗುತ್ತದೆ. ನ್ಯೂಜಿಲೆಂಡಿನ ಮಾವೋರಿಗಳು ಇಂದಿಗೂ ಹೀಗೆ ಅಡುಗೆ ಮಾಡುತ್ತಾರೆ. ಮೂರನೆಯದು, ತೊಗಲಿನ ಚೀಲದಲ್ಲಿ ನೀರು ತುಂಬಿ ಕಾದ ಕಲ್ಲುಗಳನ್ನು ಒಂದೊಂದಾಗಿ ಹಾಕಿ ಕುದಿಸುವುದು. ಒಡೆದ ಮೂಳೆಯ ಕೊಬ್ಬು ಆಗ ಮೇಲೆ ತೇಲುತ್ತದೆ.

ಮಲೆನಾಡಂಚಿನ ನಮ್ಮ ಶಿರಾಳಕೊಪ್ಪದವರು ಈ ಅಡುಗೆಯ ಕಥೆಯ ಮುಂದಿನ ಅಧ್ಯಾಯವನ್ನು ಹುಡುಕಿ ದೂರ ಹೋಗಬೇಕಿಲ್ಲ. ಪಕ್ಕದ ಹಿರೇಕೆರೂರಿನಾಚೆ, ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ 1965ರಲ್ಲಿ ಉತ್ಖನನ ನಡೆಸಿದರು. ಅಲ್ಲಿನ ನವಶಿಲಾಯುಗದ ಜನ ದನ ಸಾಕಿದ್ದರು, ಮಡಕೆಯನ್ನೂ ಮಾಡುತ್ತಿದ್ದರು. ಕುದಿಸಲು ಅವರಿಗೆ ತೊಗಲಿನ ಚೀಲ ಬೇಕಿರಲಿಲ್ಲ. ಸುರಪುರ ಸೀಮೆಯ ಬೂದಿಹಾಳದಲ್ಲಂತೂ ಅದೇ ಯುಗದವರು ದನ ಕಡಿದು ಪಾಲು ಮಾಡಿದ ನೆಲವೇ, ಮೂಳೆ ಮತ್ತು ಕಲ್ಲಿನ ಉಪಕರಣಗಳ ಸಮೇತ, ಪದ್ದಯ್ಯ ಅವರಿಗೆ ಸಿಕ್ಕಿತು.

ನಮ್ಮ ಮಲೆನಾಡಂಚಿನಲ್ಲಿ ಇಂಥ ಮೂಳೆಗಳು ಅಪರೂಪವೇಕೆ? ಮಳೆ ಹೆಚ್ಚಿರುವ ಕೆಂಪು ಮಣ್ಣು ಹುಳಿಗುಣದ್ದು. ಅದರಲ್ಲಿ ಮೂಳೆ ಕರಗುತ್ತದೆ. ಹುಣಸಗಿಯ ಸುಣ್ಣಕಲ್ಲಿನ ಸೀಮೆಯಲ್ಲಿ ಉಳಿಯುತ್ತದೆ.

ಇಂಥ ಮೂಳೆಗಳನ್ನು ಹುಡುಕುವ ಹೊಸಬರು ನೆನಪಿಡಬೇಕಾದ ಎಚ್ಚರಿಕೆಯೊಂದಿದೆ. ಸುಟ್ಟ ಮೂಳೆ ಕಂಡ ಮಾತ್ರಕ್ಕೆ ಅಡುಗೆ ಎನ್ನಬೇಡಿ. ಬೆಂಕಿ ತಾಗಿದ ಮೂಳೆ ಮೊದಲು ಕಪ್ಪಾಗಿ, 600 ಡಿಗ್ರಿ ದಾಟಿದಂತೆ ಬೂದು, ಬಿಳಿ ಬಣ್ಣಕ್ಕೆ ತಿರುಗುತ್ತದೆ. ಅಷ್ಟು ಬೆಂದ ಮೂಳೆ ಬಹುಶಃ ಊಟವಾದ ಮೇಲೆ ಬೆಂಕಿಗೆ ಎಸೆದದ್ದು. ಮಾಂಸದೊಳಗೆ ಹದವಾಗಿ ಬೆಂದ ಮೂಳೆಗೆ ಸುಟ್ಟ ಗುರುತೇ ಇರದು. ಕೊಯ್ದ ಗೀರು, ಕಾದು ಸೀಳಿದ ಕಲ್ಲು, ಬೂದಿ ಇವು ಒಂದೇ ಕಡೆ ಕೂಡಿ ಬಂದರೆ ಮಾತ್ರ ಅಡುಗೆಯ ಮಾತು ಗಟ್ಟಿಯಾಗುತ್ತದೆ.