ನುಡಿ ಕಡತ ಯೂನಿಕೋಡ್‌ಗೆ: ಇಂಗ್ಲಿಷ್ ಕೆಡದಂತೆ ಬದಲಿಸುವುದು ಹೇಗೆ?

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿರುವ ವರ್ಡ್ ಕಡತವನ್ನು ಯೂನಿಕೋಡ್‌ಗೆ ತರಬೇಕಾದಾಗ ಹೆಚ್ಚಿನವರು ಇಡೀ ಪಠ್ಯವನ್ನು ಕಾಪಿ ಮಾಡಿ ಪರಿವರ್ತಕಕ್ಕೆ ಸುರಿಯುತ್ತಾರೆ. ಕನ್ನಡವೇನೋ ಸರಿಯಾಗಿ ಬರುತ್ತದೆ. ಆದರೆ ನಡುವೆ ಇದ್ದ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸಗಳೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕೂರುತ್ತವೆ. ದಪ್ಪಕ್ಷರ, ಓರೆ ಅಕ್ಷರ ಎಲ್ಲ ಅಳಿಸಿಹೋಗುತ್ತವೆ.

ಇದಕ್ಕೆ ಪರಿವರ್ತಕವನ್ನು ದೂರಿ ಫಲವಿಲ್ಲ. ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡ ಅಕ್ಷರದ ಆಕಾರಗಳು ಕೂತಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ. ಫಾಂಟ್ ಕಳಚಿಬಿಟ್ಟರೆ ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂದು ಹೇಳುವ ಗುರುತೇ ಉಳಿಯುವುದಿಲ್ಲ. ಹಾಗಾಗಿ ಪಠ್ಯವನ್ನು ಅದರ ಫಾಂಟಿನ ಸಮೇತ, ತುಣುಕು ತುಣುಕಾಗಿ ಓದಬೇಕು. ಪೈಥಾನ್ ಅಲ್ಪಸ್ವಲ್ಪ ಗೊತ್ತಿದ್ದವರಿಗೆ ಇದು ಕಷ್ಟದ ಕೆಲಸವಲ್ಲ.

ಸಿದ್ಧತೆ

ಮೊದಲು ಕಡತದ ಇನ್ನೊಂದು ಪ್ರತಿ ತೆಗೆದಿಡಿ. ಕಡತ ಹಳೆಯ ‘ಡಾಕ್’ ಮಾದರಿಯದಾಗಿದ್ದರೆ ವರ್ಡ್ ಅಥವಾ ಲಿಬ್ರೆಆಫೀಸ್‌ನಲ್ಲಿ ತೆರೆದು ‘ಡಾಕ್ಸ್’ ಆಗಿ ಸೇವ್ ಮಾಡಿ. ನಂತರ ಪಿಪ್ ಮೂಲಕ ‘ಪೈಥಾನ್-ಡಾಕ್ಸ್’ ಲೈಬ್ರರಿ ಹಾಕಿಕೊಳ್ಳಿ. ಇಂಪೋರ್ಟ್ ಮಾಡುವಾಗ ಹೆಸರು ಬರೀ ‘ಡಾಕ್ಸ್’. ನುಡಿ ಸಂಕೇತವನ್ನು ಯೂನಿಕೋಡ್‌ಗೆ ತಿರುಗಿಸುವ ಒಂದು ಫಂಕ್ಷನ್ ಕೂಡ ನಿಮ್ಮಲ್ಲಿ ಇರಬೇಕು. ಇಲ್ಲಿ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಟೈಪ್ ಮಾಡುವುದು ಇಂಗ್ಲಿಷಿನಲ್ಲೇ.

ಮೊದಲು ನೋಡಿ, ಆಮೇಲೆ ಮುಟ್ಟಿ

ವರ್ಡ್ ಕಡತದಲ್ಲಿ ಪ್ಯಾರಾಗಳಿರುತ್ತವೆ, ಪ್ರತಿ ಪ್ಯಾರಾದೊಳಗೆ ‘ರನ್’ಗಳಿರುತ್ತವೆ. ಒಂದೇ ಫಾಂಟ್, ಒಂದೇ ಗಾತ್ರ, ಒಂದೇ ದಪ್ಪದಲ್ಲಿ ಸಾಗುವ ತುಣುಕೇ ರನ್. ‘ಡಾಕ್ಯುಮೆಂಟ್.ಪ್ಯಾರಾಗ್ರಾಫ್ಸ್’ ಮೇಲೊಂದು ಫಾರ್ ಲೂಪ್, ಅದರೊಳಗೆ ‘ಪ್ಯಾರಾಗ್ರಾಫ್.ರನ್ಸ್’ ಮೇಲೆ ಇನ್ನೊಂದು. ಸದ್ಯಕ್ಕೆ ಏನನ್ನೂ ಬದಲಿಸದೆ ‘ರನ್.ಫಾಂಟ್.ನೇಮ್’, ‘ರನ್.ಬೋಲ್ಡ್’, ‘ರನ್.ಟೆಕ್ಸ್ಟ್’ ಮೂರನ್ನೂ ಪ್ರಿಂಟ್ ಮಾಡಿ ನೋಡಿ. ಈ ಹೆಜ್ಜೆಯನ್ನು ಹಾರಿಸಬೇಡಿ. ಕಡತದ ಜಾತಕ ತಿಳಿಯುವುದು ಇಲ್ಲೇ.

ಫಾಂಟ್ ಹೆಸರು ಕೇಳಿದ ಕಡೆ ಎಷ್ಟೋ ಸಲ ‘ನನ್’ ಎಂಬ ಉತ್ತರ ಬರುತ್ತದೆ. ಫಾಂಟ್ ಇಲ್ಲ ಎಂದು ತಿಳಿಯಬೇಡಿ. ಈ ರನ್‌ಗೆ ಪ್ರತ್ಯೇಕವಾಗಿ ಹೇಳಿಲ್ಲ, ಮೇಲಿನವರನ್ನು ಕೇಳು ಎಂದರ್ಥ. ಆಗ ರನ್ನಿನ ಸ್ಟೈಲ್, ಅದರ ಮೇಲೆ ಪ್ಯಾರಾದ ಸ್ಟೈಲ್, ಅಲ್ಲೂ ಇಲ್ಲದಿದ್ದರೆ ‘ಬೇಸ್_ಸ್ಟೈಲ್’ ಹಿಡಿದು ಹೆಸರು ಸಿಗುವವರೆಗೆ ಏರುತ್ತಾ ಹೋಗುವ ಒಂದು ಪುಟ್ಟ ಫಂಕ್ಷನ್ ಬರೆದುಕೊಳ್ಳಿ. ಇಡೀ ಪುಸ್ತಕವನ್ನು ‘ನಾರ್ಮಲ್’ ಸ್ಟೈಲಿಗೇ ನುಡಿ ಫಾಂಟ್ ಕೊಟ್ಟು ಟೈಪ್ ಮಾಡಿದ್ದರೆ ಬಹುಪಾಲು ರನ್‌ಗಳು ‘ನನ್’ ಎಂದೇ ಹೇಳುತ್ತವೆ. ‘ಬೋಲ್ಡ್’ಗೂ ಇದೇ ನಿಯಮ.

ಒಡೆದ ತುಣುಕುಗಳನ್ನು ಕೂಡಿಸಿ

ನಿಜವಾದ ತಲೆನೋವು ಶುರುವಾಗುವುದು ಇಲ್ಲಿ. ಒಂದು ಪದ ಒಂದೇ ರನ್ನಿನಲ್ಲಿರುತ್ತದೆ ಎಂಬ ಭರವಸೆ ಇಲ್ಲ. ನಡುವೆ ತಿದ್ದುಪಡಿ ಮಾಡಿದಾಗ, ಕಾಗುಣಿತ ಪರೀಕ್ಷೆ ಗುರುತು ಹಾಕಿದಾಗ, ವರ್ಡ್ ಒಂದೇ ರೂಪದ ಪಠ್ಯವನ್ನೂ ಎರಡು ಮೂರು ರನ್‌ಗಳಾಗಿ ಒಡೆದಿಡುತ್ತದೆ. ‘ಧರ್ಮ’ ಪದವನ್ನೇ ತೆಗೆದುಕೊಳ್ಳಿ. ನುಡಿ ಸಂಕೇತದಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲೇ ಇರುತ್ತದೆ: ಧ, ಆಮೇಲೆ ಮ, ಕೊನೆಗೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಧ, ರ, ಹಲಂತ ಚಿಹ್ನೆ (್), ಮ. ಅಂದರೆ ಪರಿವರ್ತಕ ಅರ್ಕಾವತ್ತನ್ನು ಎತ್ತಿ ಮ ಅಕ್ಷರದ ಹಿಂದಕ್ಕೆ ತರಬೇಕು. ಮ ಒಂದು ರನ್ನಿನಲ್ಲಿ, ಅರ್ಕಾವತ್ತು ಮುಂದಿನ ರನ್ನಿನಲ್ಲಿ ಇದ್ದರೆ? ಎರಡನ್ನೂ ಬೇರೆ ಬೇರೆಯಾಗಿ ಬದಲಿಸಿದರೆ ‘ಧಮ’ ಮತ್ತು ಒಂಟಿ ಅರ್ಕಾವತ್ತು ಕೈಗೆ ಬರುತ್ತದೆ. ಪ್ರೋಗ್ರಾಂ ಯಾವ ಎರರ್ ಕೂಡ ತೋರಿಸುವುದಿಲ್ಲ.

ಆದ್ದರಿಂದ ಬದಲಿಸುವ ಮೊದಲು ಅಕ್ಕಪಕ್ಕದ ಒಂದೇ ರೂಪದ ರನ್‌ಗಳನ್ನು ಗುಂಪು ಮಾಡಬೇಕು. ಪೈಥಾನಿನ ‘ಇಟರ್‌ಟೂಲ್ಸ್’ನಲ್ಲಿರುವ ‘ಗ್ರೂಪ್‌ಬೈ’ ಇದಕ್ಕೆ ಹೇಳಿ ಮಾಡಿಸಿದ್ದು. ಫಾಂಟ್ ಹೆಸರು, ದಪ್ಪ, ಓರೆ, ಅಡಿಗೆರೆ, ಗಾತ್ರ ಇಷ್ಟನ್ನೂ ಸೇರಿಸಿ ಕೀ ಮಾಡಿ. ಗುಂಪಿನ ಪಠ್ಯವನ್ನೆಲ್ಲ ಜೋಡಿಸಿ, ಫಾಂಟ್ ನುಡಿಯದಾಗಿದ್ದರೆ ಮಾತ್ರ ಪರಿವರ್ತಿಸಿ, ಫಲಿತಾಂಶವನ್ನು ಗುಂಪಿನ ಮೊದಲ ರನ್ನಿಗೆ ಬರೆದು ಉಳಿದವನ್ನು ಖಾಲಿ ಮಾಡಿ. ಟೈಮ್ಸ್ ನ್ಯೂ ರೋಮನ್‌ನಲ್ಲಿರುವ ಇಂಗ್ಲಿಷ್ ಇದ್ದಲ್ಲೇ ಇರುತ್ತದೆ.

ಒಂದು ಎಚ್ಚರ: ಮೊದಲೇ ಖಾಲಿ ಪಠ್ಯವಿರುವ ರನ್‌ಗಳನ್ನು ಮುಟ್ಟಬೇಡಿ, ಅಲ್ಲಿಗೆ ಗುಂಪನ್ನು ಮುರಿಯಿರಿ. ಚಿತ್ರ, ಅಡಿಟಿಪ್ಪಣಿಯ ಅಂಕಿ ಕೂತಿರುವುದು ಅಂಥ ರನ್‌ಗಳಲ್ಲೇ. ಅವುಗಳ ‘ಟೆಕ್ಸ್ಟ್’ಗೆ ಖಾಲಿ ಸ್ಟ್ರಿಂಗ್ ಬರೆದರೂ ಒಳಗಿದ್ದದ್ದು ಅಳಿದುಹೋಗುತ್ತದೆ.

ಹೊಸ ಫಾಂಟ್ ಕೂರಿಸುವುದು

‘ರನ್.ಫಾಂಟ್.ನೇಮ್’ಗೆ ‘ನೋಟೋ ಸಾನ್ಸ್ ಕನ್ನಡ’ ಎಂದು ಕೊಟ್ಟು ಮುಗಿಯಿತು ಅಂದುಕೊಂಡರೆ ವರ್ಡ್ ಬೇರೆಯದೇ ಫಾಂಟ್ ತೋರಿಸೀತು. ಆ ಗುಣ ರೋಮನ್ ಅಕ್ಷರಗಳಿಗೆ ಸೇರಿದ್ದು. ಕನ್ನಡವನ್ನು ವರ್ಡ್ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಪಟ್ಟಿಯಲ್ಲಿ ಇಟ್ಟಿದೆ. ಅದರ ಫಾಂಟ್, ಗಾತ್ರ, ದಪ್ಪ ಎಲ್ಲಕ್ಕೂ ಬೇರೆ ಗೂಡು. ಮೊದಲು ‘ನೇಮ್’ ಕೊಟ್ಟು, ಆಮೇಲೆ ರನ್ನಿನ ಎಕ್ಸ್‌ಎಂಎಲ್‌ನಲ್ಲಿ ‘ಆರ್‌ಫಾಂಟ್ಸ್’ನ ‘ಸಿಎಸ್’ ಗುಣಕ್ಕೂ ಅದೇ ಹೆಸರು ಬರೆಯಿರಿ. ದಪ್ಪಕ್ಕೆ ‘ಫಾಂಟ್.ಸಿಎಸ್_ಬೋಲ್ಡ್’, ಓರೆಗೆ ‘ಫಾಂಟ್.ಸಿಎಸ್_ಇಟಾಲಿಕ್’ ಇವೆ, ಹಳೆಯ ಬೆಲೆಯನ್ನೇ ನಕಲಿಸಿದರೆ ಸಾಕು. ಗಾತ್ರಕ್ಕೆ ಮಾತ್ರ ಲೈಬ್ರರಿಯಲ್ಲಿ ನೇರ ದಾರಿಯಿಲ್ಲ: ‘ಎಸ್‌ಝಡ್‌ಸಿಎಸ್’ ಇದೆಯೇ ನೋಡಿ, ಇಲ್ಲದಿದ್ದರೆ ಕೈಯಾರೆ ಸೇರಿಸಿ. ಅಲ್ಲಿ ಲೆಕ್ಕ ಅರ್ಧ ಪಾಯಿಂಟಿನದು, 14 ಪಾಯಿಂಟ್ ಬೇಕಿದ್ದರೆ 28 ಎಂದು ಬರೆಯಬೇಕು.

ತಪ್ಪಿಸಿಕೊಂಡವು

‘ಡಾಕ್ಯುಮೆಂಟ್.ಪ್ಯಾರಾಗ್ರಾಫ್ಸ್’ ಕೋಷ್ಟಕದ ಒಳಗಿನ ಪ್ಯಾರಾಗಳನ್ನು ಕೊಡುವುದಿಲ್ಲ. ‘ಟೇಬಲ್ಸ್’, ‘ರೋಸ್’, ‘ಸೆಲ್ಸ್’ ಹಿಡಿದು ಪ್ರತಿ ಸೆಲ್ಲಿನ ಪ್ಯಾರಾಗಳಿಗೂ ಇದೇ ಕೆಲಸ ಮಾಡಿಸಿ. ಪುಟದ ತಲೆಬರಹ, ಅಡಿಬರಹಗಳು ‘ಸೆಕ್ಷನ್.ಹೆಡರ್’, ‘ಸೆಕ್ಷನ್.ಫುಟರ್’ನಲ್ಲಿ ಸಿಗುತ್ತವೆ. ಲಿಂಕ್ ಆಗಿರುವ ಪದಗಳು ‘ರನ್ಸ್’ನಲ್ಲಿ ಬರುವುದಿಲ್ಲ, ಲೈಬ್ರರಿಯ ಈಚಿನ ಆವೃತ್ತಿಗಳಲ್ಲಿ ‘ಪ್ಯಾರಾಗ್ರಾಫ್.ಹೈಪರ್‌ಲಿಂಕ್ಸ್’ ಇದೆ, ಅದರೊಳಗೆ ಮತ್ತೆ ‘ರನ್ಸ್’.

ಎಲ್ಲ ಮುಗಿದ ಮೇಲೆ ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಮೊದಲು ಬರೆದ ಪ್ರಿಂಟ್ ಲೂಪಿಗೆ ಸ್ಟೈಲ್ ಏರಿ ಫಾಂಟ್ ಹುಡುಕುವ ಫಂಕ್ಷನ್ ಸೇರಿಸಿ, ಅದನ್ನು ಕೋಷ್ಟಕ, ತಲೆಬರಹ, ಅಡಿಬರಹ, ಲಿಂಕ್‌ಗಳಿಗೂ ವಿಸ್ತರಿಸಿ ಹೊಸ ಕಡತದ ಮೇಲೆ ಓಡಿಸಿ. ಪಠ್ಯವಿರುವ ರನ್ನಿನಲ್ಲಿ ಎಲ್ಲಾದರೂ ನುಡಿ ಫಾಂಟಿನ ಹೆಸರು ಕಂಡರೆ ಆ ತುಣುಕು ಉಳಿದುಕೊಂಡಿದೆ ಎಂದು ತಿಳಿಯಿರಿ. ಅಡಿಟಿಪ್ಪಣಿಗಳ ಪಠ್ಯ ಈ ಲೂಪ್‌ಗೆ ಸಿಗುವುದಿಲ್ಲ. ಅದು ಡಾಕ್ಸ್ ಕಡತದೊಳಗೆ ‘ಫುಟ್‌ನೋಟ್ಸ್’ ಎಂಬ ಪ್ರತ್ಯೇಕ ಎಕ್ಸ್‌ಎಂಎಲ್ ಕಡತವಾಗಿರುತ್ತದೆ. ಹತ್ತಿಪ್ಪತ್ತು ಟಿಪ್ಪಣಿಗಳಿದ್ದರೆ ವರ್ಡ್‌ನಲ್ಲಿ ಕೈಯಲ್ಲೇ ಬದಲಿಸುವುದು ಲೇಸು, ನೂರಾರಿದ್ದರೆ ಆ ಎಕ್ಸ್‌ಎಂಎಲ್‌ಗೇ ಕೈಹಾಕಬೇಕಾಗುತ್ತದೆ.