ಗ್ರಾಫಿಕ್ಸ್ ಕಾರ್ಡ್ ಬೇಡ್ವಾ ಸಾರ್?

ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಯ ಹುಡುಗ ಈ ಮಾತನ್ನು ಎರಡು ಸಲ ಕೇಳಿದ. ಎರಡೂ ಸಲ ನಾನು ಬೇಡ ಅಂದೆ. 2017ರ ನವೆಂಬರ್. ಹಣದ ವಿಚಾರದಲ್ಲಿ ಊರಿಗೆಲ್ಲ ಬುದ್ಧಿ ಹೇಳುವ ನನ್ನಂಥವನ ತಲೆಗೇ ಮೂರು ಸಾವಿರದ ಸಾಮಾನು ಕಟ್ಟಲು ನೋಡುತ್ತಿದ್ದಾನಲ್ಲ ಅಂತ ಒಳಗೊಳಗೇ ನಕ್ಕೆ. ಮದರ್‌ಬೋರ್ಡಿನ ಹಿಂಬದಿಯಲ್ಲಿ ಮಾನಿಟರ್ ಸಿಕ್ಕಿಸುವ ಕಿಂಡಿ ಇರುವುದು ಡಬ್ಬಿಯ ಮೇಲಿನ ಚಿತ್ರದಲ್ಲೇ ಕಾಣುತ್ತಿತ್ತು. ಮತ್ಯಾಕೆ ಕಾರ್ಡು?

ಆ ರಾತ್ರಿ ಊಟದ ಮೇಜಿನ ಮೇಲೆ ಪೇಪರ್ ಹಾಸಿಕೊಂಡು ನಾನೂ ಅಕ್ಕನ ಮಗನೂ ಕಂಪ್ಯೂಟರ್ ಜೋಡಿಸಲು ಕೂತೆವು. ಅವನು ಆಗ ನಮ್ಮ ಮನೆಯಲ್ಲಿದ್ದುಕೊಂಡೇ ಎಂಜಿನಿಯರಿಂಗ್ ಓದುತ್ತಿದ್ದ. ಪ್ರೊಸೆಸರಿನ ಹೊಟ್ಟೆಯಡಿ 1331 ಪಿನ್ನುಗಳು, ಕೂದಲಿಗಿಂತ ತುಸು ದಪ್ಪ ಇದ್ದಾವು. ಮೂಲೆಯ ತ್ರಿಕೋನದ ಗುರುತನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಬಿಟ್ಟರೆ ಸಾಕು, ಒತ್ತಬೇಕಾಗಿಲ್ಲ, ತಾನಾಗಿಯೇ ಕೂರುತ್ತದೆ. ಎದೆ ಝಲ್ಲೆನ್ನುವುದು ರ‍್ಯಾಮ್ ಕೂರಿಸುವಾಗ. ಬೋರ್ಡು ಬಾಗುತ್ತಿದೆಯೇನೋ ಅನ್ನಿಸುವಷ್ಟು ಒತ್ತಿದ ಮೇಲೆ ಟಕ್ ಅಂತ ಒಂದು ಸದ್ದು ಬರುತ್ತದೆ. ಹನ್ನೊಂದೂವರೆಗೆ ಸ್ವಿಚ್ ಹಾಕಿದೆವು. ಫ್ಯಾನ್ ತಿರುಗಿತು, ದೀಪ ಹತ್ತಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು. ಬಿಚ್ಚಿದೆವು, ಕಟ್ಟಿದೆವು, ಮತ್ತೆ ಬಿಚ್ಚಿದೆವು. ರಾತ್ರಿ ಒಂದು ಗಂಟೆಗೆ ಹುಡುಗ ಮೊಬೈಲಿನಿಂದ ತಲೆಯೆತ್ತಿ, "ಮಾವ, ಈ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸೇ ಇಲ್ಲ" ಅಂದ.

ನಾವು ತಂದಿದ್ದು ಎಎಂಡಿಯ ರೈಜೆನ್ 5 1600. ಕೆಲಸಕ್ಕೆ ಗಟ್ಟಿಗ, ಆದರೆ ಚಿತ್ರ ಮೂಡಿಸುವ ಭಾಗ ಅದರೊಳಗೆ ಇಲ್ಲ. ಬೋರ್ಡಿನ ಕಿಂಡಿ ಇರುವುದು ಆ ಭಾಗವಿರುವ ಬೇರೆ ಪ್ರೊಸೆಸರುಗಳಿಗಾಗಿ. ಮರುದಿನ ಅದೇ ಅಂಗಡಿಗೆ ಹೋಗಿ 3,100 ರೂಪಾಯಿ ಕೊಟ್ಟು ಸಣ್ಣದೊಂದು ಕಾರ್ಡ್ ತಂದೆ. ಅಂಗಡಿಯ ಹುಡುಗ ನಗಲಿಲ್ಲ. ಅವನ ದೊಡ್ಡತನ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. "ಬ್ರಾಂಡೆಡ್ ತಗೊಳ್ಳೋದಾ, ಅಸೆಂಬಲ್ ಮಾಡಿಸೋದಾ?" ಅಂತ ಕೇಳುವವರೆಲ್ಲ "ಅಸೆಂಬಲ್ ಮಾಡಿಸಿದರೆ ಅಗ್ಗ" ಅನ್ನುವುದನ್ನು ಮೊದಲೇ ಗಂಟು ಹಾಕಿಕೊಂಡು ಬಂದಿರುತ್ತಾರೆ. ನನ್ನ ಲೆಕ್ಕದ ಪುಸ್ತಕ ಹಾಗೆ ಹೇಳುವುದಿಲ್ಲ. ಆ ವರ್ಷದ ಪುಟ ಹೀಗಿದೆ: ಪ್ರೊಸೆಸರ್ 17,500, ಮದರ್‌ಬೋರ್ಡ್ 7,800, 8 ಜಿಬಿ ರ‍್ಯಾಮ್ 5,600, ಸಣ್ಣ ಎಸ್‌ಎಸ್‌ಡಿ 3,900, ಒಂದು ಟಿಬಿ ಹಾರ್ಡ್ ಡಿಸ್ಕ್ 3,100, ಎಸ್‌ಎಂಪಿಎಸ್ ಸಮೇತ ಕ್ಯಾಬಿನೆಟ್ 2,100, ವಿಂಡೋಸ್ 8,200. ಒಟ್ಟು 48,200. ಮರುದಿನದ ದಂಡ ಸೇರಿಸಿದರೆ 51,300. ಮಾನಿಟರ್ ಹಳೆಯದೇ. ಅದೇ ವಾರ ಜಯನಗರದ ಶೋರೂಮಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಶಕ್ತಿಯ ಬ್ರಾಂಡೆಡ್ ಯಂತ್ರ, ಮಾನಿಟರ್, ಕೀಬೋರ್ಡ್, ವಿಂಡೋಸ್ ಎಲ್ಲ ಸೇರಿ 54,000ಕ್ಕೆ ಇತ್ತು. ಮಾನಿಟರಿಗೆ ಏಳು ಸಾವಿರ ಕಳೆದರೆ 47,000. ಅಂದರೆ ಮೊದಲ ದಿನವೇ ನಾನು 4,300 ರೂಪಾಯಿ ಸೋತಿದ್ದೆ.

ಬಹಳ ಜನರ ಲೆಕ್ಕದಲ್ಲಿ ಈ ಸೋಲು ಕಾಣದಿರಲು ಕಾರಣ ವಿಂಡೋಸ್. ಬಿಡಿಭಾಗಗಳ ಮೊತ್ತಕ್ಕೆ ಅದನ್ನು ಸೇರಿಸುವುದೇ ಇಲ್ಲ. ಕಂಪನಿಗಳಿಗೆ ಅದು ಸಗಟು ದರದಲ್ಲಿ ಸಿಗುತ್ತದೆ, ಬೆಲೆಯೊಳಗೇ ಬಂದುಬಿಡುತ್ತದೆ. ನಾವು ನೀವು ಬಿಡಿಯಾಗಿ ಕೊಂಡರೆ ಪೂರ್ತಿ ದುಡ್ಡು ಎಣಿಸಬೇಕು. ಐನೂರು ರೂಪಾಯಿಗೆ ವಾಟ್ಸ್ಆ್ಯಪ್‌ನಲ್ಲಿ ಬರುವ ಕೀ ಇಟ್ಟುಕೊಂಡು ಉಳಿತಾಯದ ಮಾತಾಡಿದರೆ ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ವಿಂಡೋಸ್ ಬದಲು ಉಬುಂಟು ಹಾಕಿಕೊಳ್ಳುತ್ತೇನೆ ಅನ್ನುವವರ ಲೆಕ್ಕ ಬೇರೆ, ಅವರಿಗೆ ಆ ದುಡ್ಡು ನಿಜವಾಗಿಯೂ ಉಳಿಯುತ್ತದೆ.

ಹಾಗಿದ್ದ ಮೇಲೆ ನಾನು ಎಸ್‌ಪಿ ರೋಡಿನ ದಾರಿ ಹಿಡಿದಿದ್ದು ಯಾಕೆ? ಅದಕ್ಕೂ ಹಿಂದಿನ ಯಂತ್ರ ಕಲಿಸಿದ ಪಾಠದಿಂದ. 2012ರಲ್ಲಿ 33,500 ಕೊಟ್ಟು ಒಂದು ದೊಡ್ಡ ಕಂಪನಿಯ ಡೆಸ್ಕ್‌ಟಾಪ್ ಕೊಂಡಿದ್ದೆ. ಹೆಸರು ಬೇಡ. ವಾರಂಟಿ ಒಂದು ವರ್ಷ. ಎರಡನೇ ವರ್ಷ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಡಬ್ಬಿ, ಕೆಟ್ಟಿತು. ಮಾರುಕಟ್ಟೆಯಲ್ಲಿ ಸಾವಿರ ಚಿಲ್ಲರೆಗೆ ಸಿಗುವ ಮಾಲು. ಆದರೆ ನನ್ನ ಯಂತ್ರದ ಬೋರ್ಡಿನ ಪ್ಲಗ್ಗೇ ಬೇರೆ, ಡಬ್ಬಿಯ ಅಳತೆಯೇ ಬೇರೆ. ಸರ್ವಿಸ್ ಸೆಂಟರಿನಲ್ಲಿ 6,200 ರೂಪಾಯಿ, ಮೂರು ವಾರ ಅಂದರು. ಕೊನೆಗೆ ಮೆಕ್ಯಾನಿಕ್ ಒಬ್ಬ 1,400ರ ಸಾಮಾನ್ಯ ಎಸ್‌ಎಂಪಿಎಸ್‌ಗೆ ಬದಲಿ ವೈರು ಬೆಸೆದು ಚಾಲೂ ಮಾಡಿಕೊಟ್ಟ. ಅದು ಒಳಗೆ ಹಿಡಿಸಲಿಲ್ಲ. ಮುಂದಿನ ಮೂರು ವರ್ಷ ಕೊಟ್ಟಿಗೆಯ ಹೊರಗೆ ಕಟ್ಟಿದ ಕರುವಿನ ಹಾಗೆ ಕ್ಯಾಬಿನೆಟ್ಟಿನ ಪಕ್ಕದಲ್ಲೇ ಮಲಗಿತ್ತು. ಧೂಳು ಕೂರದಿರಲೆಂದು ಹೆಂಡತಿ ಅದರ ಮೇಲೆ ಕರ್ಚೀಫು ಹೊದಿಸುತ್ತಿದ್ದಳು, ಬಿಸಿಯಾಗುತ್ತದೆಂದು ನಾನು ತೆಗೆಯುತ್ತಿದ್ದೆ.

ಬ್ರಾಂಡೆಡ್ ಯಂತ್ರಗಳೆಲ್ಲ ಹೀಗೇ ಅನ್ನಲಾರೆ. ಮಾಮೂಲಿ ಭಾಗಗಳನ್ನೇ ಹಾಕಿದವೂ ಇವೆ. ಅಂಗಡಿಯವನಿಗೆ ಒಂದು ಪಕ್ಕದ ಮುಚ್ಚಳ ತೆಗೆದು ತೋರಿಸಲು ಹೇಳಿ. ತೋರಿಸುವುದಿಲ್ಲ ಅಂದರೆ ಅದೂ ಒಂದು ಉತ್ತರವೇ.

ಈಗ ಅಸೆಂಬಲ್ ಮಾಡಿದ್ದರ ಎಂಟು ವರ್ಷದ ಕಥೆ. 2019ರ ಜೂನ್, ಸಂಜೆ ಮಳೆ, ಕರೆಂಟ್ ಹೋಗಿ ಬಂತು, ಪಟ್ ಅಂದಿತು. ಕ್ಯಾಬಿನೆಟ್ ಜೊತೆ 'ಫ್ರೀ' ಬಂದಿದ್ದ ಎಸ್‌ಎಂಪಿಎಸ್ ಸುಡುವಾಗ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ಅದರಲ್ಲಿ ಮಗಳ ಚಿಕ್ಕಂದಿನ ಫೋಟೊಗಳಿದ್ದವು. ಅರ್ಧಕ್ಕಿಂತ ಹೆಚ್ಚು ವಾಪಸ್ ಬರಲಿಲ್ಲ. ಒಳ್ಳೆಯ ಎಸ್‌ಎಂಪಿಎಸ್‌ಗೆ 3,600, ಹೊಸ ಡಿಸ್ಕಿಗೆ 3,300. ಎರಡು ಸಾವಿರ ಉಳಿಸಲು ಹೋಗಿ ಅದರ ಮೂರು ಪಟ್ಟು ತೆತ್ತೆ. ಫೋಟೊಗಳ ಬೆಲೆ ಯಾವ ಕಾಲಮ್ಮಿನಲ್ಲಿ ಬರೆಯುವುದೋ ಗೊತ್ತಾಗದೆ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಅಸೆಂಬಲ್ ಮಾಡಿಸುವವರಿಗೆ ಕೈಮುಗಿದು ಹೇಳುವುದಿಷ್ಟು: ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಎಸ್‌ಎಂಪಿಎಸ್‌ನಲ್ಲಿ ಇಳಿಯಬೇಡಿ.

2021ರಲ್ಲಿ ರ‍್ಯಾಮ್ ಕೈಕೊಟ್ಟಿತು. ಇದಕ್ಕೆ ಪೈಸೆಯೂ ಖರ್ಚಾಗಲಿಲ್ಲ, ಕಂಪನಿ ಹೊಸದು ಕೊಟ್ಟಿತು. ಕಾರಣ, ನನ್ನ ಹತ್ತಿರ ಸೀರಿಯಲ್ ನಂಬರ್ ಬರೆದ ಬಿಲ್ ಇತ್ತು. ಕೊಳ್ಳುವ ದಿನ ಬೇರೆ ಅಂಗಡಿಯೊಂದರಲ್ಲಿ "ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಬಿಡ್ತೀನಿ ಸಾರ್" ಅಂದಿದ್ದರು. ಶೇಕಡಾ 18 ಅಂದರೆ ಬಾಯಲ್ಲಿ ನೀರೂರುವ ಮೊತ್ತವೇ. ಆದರೆ ಬಿಡಿಭಾಗಗಳ ವ್ಯವಹಾರದಲ್ಲಿ ವಾರಂಟಿಯ ಜೀವ ಇರುವುದು ಆ ಕಾಗದದಲ್ಲಿ. ಪ್ರೊಸೆಸರಿಗೆ ಮೂರು ವರ್ಷ, ಒಳ್ಳೆಯ ಎಸ್‌ಎಂಪಿಎಸ್‌ಗೆ ಐದು ವರ್ಷ, ಕೆಲವು ರ‍್ಯಾಮ್‌ಗಳಿಗೆ ಹತ್ತು ವರ್ಷವೂ ಇರುತ್ತದೆ. ಬ್ರಾಂಡೆಡ್ ಯಂತ್ರದ ಒಂದು ವರ್ಷದ ಮುಂದೆ ಇದು ದೊಡ್ಡ ಆಸ್ತಿ. ಥರ್ಮಲ್ ಕಾಗದದ ಬಿಲ್ಲಾದರೆ ಅವತ್ತೇ ಫೋಟೊ ತೆಗೆದಿಡಿ, ವರ್ಷದೊಳಗೆ ಅಕ್ಷರ ಮಾಸಿಹೋಗುತ್ತದೆ. ಹೊಸ ರ‍್ಯಾಮ್ ಬರುವವರೆಗಿನ ಎರಡು ವಾರ ಅಂಕಣವನ್ನು ಮೊಬೈಲಿನಲ್ಲಿ ಬೆರಳು ಸವೆಸಿ ಬರೆದೆ. ಹೊಸದು ಬಂದ ಮೇಲೆ ಜೊತೆಗಿರಲೆಂದು 2,800 ಕೊಟ್ಟು ಇನ್ನೊಂದನ್ನೂ ಹಾಕಿಸಿದೆ.

2023ರಲ್ಲಿ ಎಸ್‌ಎಸ್‌ಡಿ ಬೆಲೆ ನೆಲಕ್ಕೆ ಬಿದ್ದಿತ್ತು, 500 ಜಿಬಿಯದೊಂದನ್ನು 2,900ಕ್ಕೆ ತಂದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು, ವಿಂಡೋಸ್ 11ಕ್ಕೆ ಒಗ್ಗುವ ಪ್ರೊಸೆಸರುಗಳ ಪಟ್ಟಿಯಲ್ಲಿ ನನ್ನ ಪ್ರೊಸೆಸರ್ ಇರಲಿಲ್ಲ. ಬ್ರಾಂಡೆಡ್ ಆಗಿದ್ದರೆ ಇಡೀ ಯಂತ್ರವನ್ನೇ ಗುಜರಿಗೆ ಹಾಕಿ ಹೊಸದು ತರುತ್ತಿದ್ದೆನೇನೋ. ಆದರೆ 2017ರ ಆ ಬೋರ್ಡಿನ ಸಾಕೆಟ್ಟಿಗೇ ಎಎಂಡಿ ಮುಂದೆ ಹಲವು ತಲೆಮಾರಿನ ಪ್ರೊಸೆಸರುಗಳನ್ನು ತಂದಿತ್ತು. 2024ರಲ್ಲಿ 11,400ಕ್ಕೆ 5600ಜಿ ಕೊಂಡು, ಬೋರ್ಡಿನ ಬಯಾಸ್ ಅಪ್‌ಡೇಟ್ ಮಾಡಿ ಕೂರಿಸಿದೆ. (ಹಳೆಯ ಪ್ರೊಸೆಸರ್ ಇರುವಾಗಲೇ ಅಪ್‌ಡೇಟ್ ಮಾಡಬೇಕು, ತೆಗೆದ ಮೇಲಲ್ಲ.) ಇದರೊಳಗೆ ಗ್ರಾಫಿಕ್ಸ್ ಇತ್ತು. ಈ ಸಲ ಅಂಗಡಿಯಲ್ಲಿ ಮೂರು ಸಲ ನಾನೇ ಕೇಳಿ ಖಾತ್ರಿ ಮಾಡಿಕೊಂಡೆ. ಹಳೆಯ ಪ್ರೊಸೆಸರ್, ಕಾರ್ಡ್ ಎರಡೂ ಸೇರಿ 5,000ಕ್ಕೆ ಹೋದವು.

ಕೂಡಿದರೆ ಎಂಟು ವರ್ಷಕ್ಕೆ 70,300. ವರ್ಷಕ್ಕೆ ಒಂಬತ್ತು ಸಾವಿರದೊಳಗೆ. ಈ ಅವಧಿಯಲ್ಲಿ ಎರಡು ಬ್ರಾಂಡೆಡ್ ಯಂತ್ರ ಕೊಂಡಿದ್ದರೆ ಲಕ್ಷದ ಹತ್ತಿರ ಹೋಗುತ್ತಿತ್ತು. ಉಳಿದ ದುಡ್ಡೆಲ್ಲ ಉಳಿದದ್ದು ಐದನೇ ವರ್ಷದ ಮೇಲೆ, ಪೂರ್ತಿ ಯಂತ್ರದ ಬದಲು ಒಂದೊಂದೇ ಭಾಗ ಕೊಂಡಾಗ. ಮೂರು ವರ್ಷಕ್ಕೊಮ್ಮೆ ಯಂತ್ರ ಬದಲಿಸುವ ಚಾಳಿಯವರಿಗೆ ಇದರಲ್ಲಿ ದಮ್ಮಡಿಯ ಲಾಭವಿಲ್ಲ. ಇನ್ನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿರುವ, ಈ ಯಂತ್ರಕ್ಕೆಂದೇ ಕಳೆದ ಭಾನುವಾರಗಳು ಒಂಬತ್ತಿವೆ. ಆ ಭಾನುವಾರಗಳು ನನಗೆ ಆಟವಾಗಿದ್ದವು. ನಿಮಗೆ ಅವು ಶಿಕ್ಷೆಯಾದರೆ ದರ ಹಾಕಿ ಕೂಡಿಕೊಳ್ಳಿ.

2023ರಲ್ಲಿ ಸಾಗರದಿಂದ ಅಕ್ಕ ಫೋನ್ ಮಾಡಿದಳು. ಮಗ ಆಗಲೇ ಜರ್ಮನಿ ಸೇರಿದ್ದ. ಅಡಿಕೆಯ ಲೆಕ್ಕಕ್ಕೆ, ಅವನ ಮುಖ ದೊಡ್ಡದಾಗಿ ನೋಡುವುದಕ್ಕೆ ಒಂದು ಕಂಪ್ಯೂಟರ್ ಬೇಕಿತ್ತು. "ನಿಂದ್ರ ಥರದ್ದೇ ಒಂದು ಕಟ್ಟಿಸ್ಕೊಡೋ, ಅಗ್ಗ ಆಗ್ತದಂತಲ್ಲ" ಅಂದಳು. ಸುತರಾಂ ಬೇಡ ಅಂದೆ. ಏಳು ಭಾಗ ಅಂದರೆ ಏಳು ಕಂಪನಿ, ಏಳು ವಾರಂಟಿ. ಬೆಂಗಳೂರಿನಲ್ಲಿ ಅವುಗಳ ಸರ್ವಿಸ್ ಸೆಂಟರುಗಳಿಗೆ ಮೆಟ್ರೊ ಹತ್ತಿ ಹೋಗಿಬರಬಹುದು. ಸಾಗರದಲ್ಲಿ ಕೂತ ಅಕ್ಕ ಮೊದಲು ಯಾವ ಭಾಗ ಕೆಟ್ಟಿದೆ ಅಂತ ಕಂಡುಹಿಡಿಯಬೇಕು, ಆಮೇಲೆ ಅದನ್ನು ಪೊಟ್ಟಣ ಕಟ್ಟಿ ಬಸ್ಸಿಗೆ ಹಾಕಬೇಕು. ಅಷ್ಟಕ್ಕೂ ಜೋಡಿಸಿಕೊಟ್ಟವನೇ ಬದುಕಿರುವವರೆಗೆ ಸರ್ವಿಸ್ ಸೆಂಟರ್. ದೀಪಾವಳಿಗೆ ಹೋದವನು ಕಜ್ಜಾಯ ತಿನ್ನುವುದು ಬಿಟ್ಟು ಮೇಜಿನಡಿ ತೂರಬೇಕಾಗುತ್ತದೆ. ಬ್ರಾಂಡೆಡ್ಡೇ ಕೊಡಿಸಿದೆ. ಅವಳ ಪಿನ್‌ಕೋಡಿಗೆ ಮನೆಗೇ ಬಂದು ರಿಪೇರಿ ಮಾಡುವ ಸೇವೆ ಇದೆಯೇ ಅಂತ ಬರವಣಿಗೆಯಲ್ಲಿ ಕೇಳಿಕೊಂಡು, 3,400 ಹೆಚ್ಚು ಕೊಟ್ಟು ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿದೆ. ಹದಿನಾಲ್ಕನೇ ತಿಂಗಳು ಮದರ್‌ಬೋರ್ಡ್ ಹೋಯಿತು. ಮೂರನೇ ದಿನ ಶಿವಮೊಗ್ಗದಿಂದ ಒಬ್ಬ ಹುಡುಗ ಬೈಕಿನಲ್ಲಿ ಬಂದು, ಮುಕ್ಕಾಲು ಗಂಟೆಯಲ್ಲಿ ಹೊಸ ಬೋರ್ಡ್ ಹಾಕಿ, ಕಾಫಿ ಕುಡಿದು ಹೋದ. "ನೀನಾಗಿದ್ರೆ ಮೂರು ದಿನ ಇರ್ತಿದ್ದೆ" ಅಂತ ಅಕ್ಕ ಬೇಜಾರು ಮಾಡಿಕೊಂಡಳು.

ತೆರಿಗೆಯ ಮಾತೂ ಒಂದಿಷ್ಟು. ವೃತ್ತಿಯ ಲೆಕ್ಕಪತ್ರ ಇಟ್ಟವರಿಗೆ ಕಂಪ್ಯೂಟರಿನ ಮೇಲೆ ವರ್ಷಕ್ಕೆ ಶೇಕಡಾ 40ರ ಸವಕಳಿ ಸಿಗುತ್ತದೆ. ಆದಾಯದ ಅರ್ಧವನ್ನು ಲಾಭವೆಂದು ತೋರಿಸಿ ಸರಳ ದಾರಿ ಹಿಡಿದವರಿಗೆ ಅದು ಬೇರೆಯಾಗಿ ಸಿಗದು. ಜಿಎಸ್‌ಟಿ ನೋಂದಣಿ ಇದ್ದರೆ ಕಟ್ಟಿದ ತೆರಿಗೆಯನ್ನು ಮುಂದೆ ಹೊಂದಿಸಿಕೊಳ್ಳಬಹುದು. ಶೋರೂಮಿನ 'ನೋ ಕಾಸ್ಟ್ ಇಎಂಐ'ನಲ್ಲೂ ಬಡ್ಡಿಯ ಭಾಗದ ಮೇಲೆ ಜಿಎಸ್‌ಟಿ ಬೀಳುತ್ತದೆ.

2025ರ ಡಿಸೆಂಬರಿನಲ್ಲಿ ಮಗಳ ಸರದಿ ಬಂತು. ಆರ್ಕಿಟೆಕ್ಚರ್ ಓದುತ್ತಾಳೆ, ನನ್ನ ಯಂತ್ರ ಅವಳ ಚಿತ್ರಗಳಿಗೆ ಏದುಸಿರು ಬಿಡುತ್ತದೆ. ಸೆಪ್ಟೆಂಬರಿನಲ್ಲಿ ವಿಚಾರಿಸಿದಾಗ ಐದು ಸಾವಿರದ ಆಸುಪಾಸಿದ್ದ 16 ಜಿಬಿ ರ‍್ಯಾಮ್‌ಗೆ ಡಿಸೆಂಬರಿನಲ್ಲಿ ಅದೇ ಅಂಗಡಿಯವರು ಹದಿಮೂರು ಸಾವಿರ ಹೇಳಿದರು. ಎಐ ಡೇಟಾ ಸೆಂಟರುಗಳಿಗೆ ಬೇಕಾದ ಮೆಮೊರಿ ಮಾಡುವುದರಲ್ಲಿ ಹೆಚ್ಚು ಲಾಭ, ಹಾಗಾಗಿ ತಯಾರಕರೆಲ್ಲ ಆ ಕಡೆ ವಾಲಿದ್ದಾರೆ. ಮೈಕ್ರಾನ್ ಕಂಪನಿಯಂತೂ ನಮ್ಮಂಥವರಿಗೆ ಮಾರುತ್ತಿದ್ದ 'ಕ್ರೂಷಿಯಲ್' ವ್ಯಾಪಾರವನ್ನೇ ನಿಲ್ಲಿಸುವುದಾಗಿ ಅದೇ ತಿಂಗಳು ಸಾರಿತು. 2021ರಲ್ಲಿ ಕ್ರಿಪ್ಟೊ ನಾಣ್ಯ ಅಗೆಯುವವರು ಗ್ರಾಫಿಕ್ಸ್ ಕಾರ್ಡುಗಳನ್ನು ಬಾಚಿಕೊಂಡಾಗಲೂ ಇದೇ ಕಥೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಮ್ ಎಂಬ ಕ್ರಿಪ್ಟೊ ನಾಣ್ಯ ಅಗೆಯುವ ಪದ್ಧತಿಯನ್ನೇ ಬಿಟ್ಟ ಮೇಲೆ ಬಳಸಿ ಬಿಸಾಡಿದ ಕಾರ್ಡುಗಳು ರಾಶಿ ಬಿದ್ದವು. ಬಿಡಿಭಾಗ ಕೊಳ್ಳುವವನು ಟೊಮೆಟೊ ಬೆಳೆದ ರೈತನ ಹಾಗೆ, ಮಾರುಕಟ್ಟೆಯ ಏಟು ನೇರವಾಗಿ ಮೈಮೇಲೆ. ದೊಡ್ಡ ಕಂಪನಿಗಳು ತಿಂಗಳುಗಟ್ಟಲೆ ಮುಂಚೆ ಒಪ್ಪಂದ ಮಾಡಿಕೊಂಡಿರುವುದರಿಂದ ಅವುಗಳ ಬೆಲೆ ನಿಧಾನಕ್ಕೆ ಏರುತ್ತದೆ. ಆ ವಾರ ಶೋರೂಮಿನ ಯಂತ್ರ ನಮ್ಮ ಬಿಡಿಭಾಗಗಳ ಚೀಟಿಯ ಮೊತ್ತಕ್ಕಿಂತ ಆರು ಸಾವಿರ ಕಡಿಮೆಯಿತ್ತು.

ಅದನ್ನೇ ತಗೋ ಅಂದೆ. ಅವಳು ಶೋರೂಮಿನಲ್ಲಿ ಮುಚ್ಚಳ ತೆಗೆಸಿದಳು. ನೋಡಿದಳು. ಎಸ್‌ಎಂಪಿಎಸ್‌ನ ಪ್ಲಗ್ ತೋರಿಸಿ, "ಅಪ್ಪ, ಕರು" ಅಂದಳು. ವಾಪಸ್ ಬಂದೆವು. ಬೆಲೆ ಏರದ ಎರಡೇ ವಸ್ತುಗಳಿದ್ದವು, ಕ್ಯಾಬಿನೆಟ್ ಮತ್ತು ಒಳ್ಳೆಯ ಎಸ್‌ಎಂಪಿಎಸ್. ಅಷ್ಟನ್ನೇ ಬಿಲ್ ಸಮೇತ ಕೊಂಡು, ಉಳಿದ ದುಡ್ಡನ್ನು ಆರು ತಿಂಗಳ ಎಫ್‌ಡಿಗೆ ಹಾಕಿದೆ. ಸದ್ಯಕ್ಕೆ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮುಗಿಸಿಕೊಂಡು ಸಂಜೆ ಏಳಕ್ಕೆ ಮನೆಗೆ ಬರುತ್ತಾಳೆ. ಖಾಲಿ ಕ್ಯಾಬಿನೆಟ್ ಹಾಲ್‌ನ ಮೂಲೆಯಲ್ಲಿದೆ. ಹೆಂಡತಿ ಅದರ ಮೇಲೆ ಮನಿಪ್ಲಾಂಟಿನ ಕುಂಡ ಇಟ್ಟಿದ್ದಾಳೆ.